ಅಣ್ಣನ ಎದೆಯೊಳಗಿನ ತೇರು

ನಮ್ಮ ಕಾಲೇಜಿನ ಹುಡುಗರಿಗೆ ಪ್ರತಿ ವರ್ಷ ಒಂದು ಅನಿಮೇಶನ್ ವಿಡಿಯೋ ತೋರಿಸ್ತೀನಿ. ನಿಮ್ಮಲ್ಲೂ ಕೆಲವರು ನೋಡಿರಬಹುದು. ಉದ್ದನೆಯ ಕೊಳವೆಯೊಂದರ ಮೇಲೆ ಎರಡು ಕಾಲಿನ ಏನೋ ಒಂದು, ತನಗಿಂತ ಎಷ್ಟೋ ಪಟ್ಟು ದೊಡ್ಡ ಮೂಟೆ ಹೊತ್ತುಕೊಂಡು, ಒಂದೊಂದೇ ಹೆಜ್ಜೆ ಎತ್ತಿಡುತ್ತಾ ಗತ್ತಿನಿಂದ ಹೋಗುತ್ತೆ. ಕ್ಲಾಸು ಗೊಳ್ಳೆಂದು ನಗುತ್ತೆ. ಹಿಂದಿನ ಬೆಂಚಿನಿಂದ ಯಾರೋ, "ಮೇಡಂ, ನಮ್ಮ ಎಪಿಎಂಸಿ ಹಮಾಲರು ಇದ್ದಂಗ ಐತ್ರಿ" ಅಂತಾರೆ. ಪ್ರತಿ ವರ್ಷ ಯಾರಾದರೊಬ್ಬರು ಅಂದೇ ಅಂತಾರೆ. ಬಳ್ಳಾರಿಯಲ್ಲಿ ಪಾಠ ಮಾಡೋದರ ಸುಖ ಇದು, ಹೋಲಿಕೆ ನಾನು ಹುಡುಕಬೇಕಾಗಿಲ್ಲ.

ನಮ್ಮಪ್ಪ ಪ್ರಾಯದಲ್ಲಿ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತವರು. 75 ಕಿಲೋ ಭತ್ತದ ಚೀಲ. ಆಮೇಲೆ ಕಾಲುವೆ ನೀರು ಬರುವ ನಾಲ್ಕು ಎಕರೆ ಮಾಡಿಕೊಂಡರು ಅನ್ನೋದು ಬೇರೆ ಕಥೆ. ಹಾಗಾಗಿ ಹುಡುಗರು ಹಮಾಲ ಅಂದಾಗಲೆಲ್ಲ ನನಗೆ ಒಳಗೊಳಗೇ ಖುಷಿ.

ವಿಡಿಯೋದ ಹಮಾಲನ ಹೆಸರು ಕೈನೆಸಿನ್. ಜೀವಕೋಶದೊಳಗೆ ಸರಕು ಸಾಗಿಸೋ ಪ್ರೋಟೀನು, ಅಂದ್ರೆ ಒಂದೇ ಒಂದು ಅಣುವಿನಷ್ಟು ದೊಡ್ಡ ಮೋಟಾರು. 1985ರಲ್ಲಿ ರಾನ್ ವೇಲ್, ಥಾಮಸ್ ರೀಸ್, ಮೈಕೆಲ್ ಶೀಟ್ಜ್ ಅನ್ನೋರು ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರದಲ್ಲಿ ಇದನ್ನು ಪತ್ತೆ ಹಚ್ಚಿದರು. ಹೆಜ್ಜೆಗೆ 8 ನ್ಯಾನೋಮೀಟರ್, ಅಂದ್ರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎಂಟು ಪಾಲು. ಹೆಜ್ಜೆಗೊಂದು ಎಟಿಪಿ ಕೂಲಿ. ಜೀವಕೋಶದ ಒಳಗೆ ಎಲ್ಲ ಕೆಲಸಕ್ಕೂ ಚಲಾವಣೆಯಾಗೋ ರೊಕ್ಕ ಈ ಎಟಿಪಿ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ ಸುಮಾರು ನೂರು ಹೆಜ್ಜೆ. ನಮ್ಮ ಕಡೆಯ ಸೋನಾ ಮಸೂರಿ ಅಕ್ಕಿಕಾಳು 5 ಮಿಲಿಮೀಟರ್ ಉದ್ದ ಅಂದುಕೊಂಡರೆ, ಅದರ ಈ ತುದಿಯಿಂದ ಆ ತುದಿಗೆ ಹೋಗೋಕೆ ಒಂದೂಮುಕ್ಕಾಲು ಗಂಟೆ ಬೇಕು. ನಿಜ ಹೇಳಬೇಕೆಂದರೆ ಒಂದೇ ಕೈನೆಸಿನ್ ಅಷ್ಟು ದೂರ ಹೋಗಲ್ಲ, ನೂರು ಚಿಲ್ಲರೆ ಹೆಜ್ಜೆಗೆ ಕಾಲು ಜಾರುತ್ತೆ, ಆಗ ಇನ್ನೊಂದು ಹೆಗಲು ಕೊಡುತ್ತೆ.

ಎಂಎಸ್ಸಿ ಮುಗಿಸಿದ ಮೇಲೆ ಎರಡು ವರ್ಷ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೆ. ಕೈನೆಸಿನ್ ನಡೆಯೋದಕ್ಕೆ ಹಳಿ ಬೇಕಲ್ಲ, ಆ ಹಳಿಯ ಪ್ರೋಟೀನನ್ನು ಆಡಿನ ಮೆದುಳಿನಿಂದ ತೆಗೀತಾರೆ. ತಾಜಾ ಆಗಿರಬೇಕು. ಹಾಗಾಗಿ ಬೆಳಗಿನ ಐದಕ್ಕೆ ಐಸ್ ಡಬ್ಬಿ ಹಿಡಿದು ಕಸಾಯಿಖಾನೆ ಮುಂದೆ ನಿಲ್ಲೋದು ನನ್ನ ಕೆಲಸ. ಮನೆಯಲ್ಲಿ ಮೊಟ್ಟೆ ಕೂಡ ಬೇಯಿಸದ ಅವ್ವನಿಗೆ ಇದನ್ನು ಇವತ್ತಿಗೂ ಹೇಳಿಲ್ಲ. "ಕಂಪ್ಯೂಟರ್‌ನಾಗೆ ಪ್ರೋಟೀನ್ ನೋಡೋ ಕೆಲಸ" ಅಂತಷ್ಟೇ ಆಕೆಗೆ ಗೊತ್ತು. ಅಪ್ಪ ಮಾತ್ರ ಒಂದು ಸಲ ಎಲ್ಲವನ್ನೂ ಕೇಳಿಸಿಕೊಂಡು, ಎಲೆ ಅಡಿಕೆ ಮೆಲ್ಲುತ್ತಾ, "ಅಲ್ಲವ್ವಾ, ಅಷ್ಟು ಸಣ್ಣದು ಹೆಂಗ್ ನಡೀತೈತೆ ಅಂತ ತಿಳಕಂಡು ಏನ್ ಮಾಡ್ತೀಯ?" ಅಂದಿದ್ದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದೊಂದು ದಿನ ಕ್ಯಾನ್ಸರ್‌ಗೆ ಉಪಯೋಗ ಆಗಬಹುದು ಅಂತ, ಎಲ್ಲರೂ ಹೇಳೋ ಥರ ಹೇಳಿದ್ದೆ.

ಆ ವಿಡಿಯೋದಲ್ಲಿ ಒಂದು ದೊಡ್ಡ ಸುಳ್ಳಿದೆ. ಅಲ್ಲಿ ಹಮಾಲ ಖಾಲಿ ರಸ್ತೆಯಲ್ಲಿ ಆರಾಮಾಗಿ ನಡೀತಾನೆ. ನಿಜವಾದ ಜೀವಕೋಶದೊಳಗೆ ಖಾಲಿ ಜಾಗ ಅನ್ನೋದೇ ಇಲ್ಲ. ನೀರಿನ ಅಣುಗಳು ಎಲ್ಲ ಕಡೆಯಿಂದ ಸತತವಾಗಿ ಗುದ್ದುತ್ತಿರುತ್ತವೆ. ಆ ಗಾತ್ರದ ವಸ್ತುವಿಗೆ ಅದು ಬಿರುಗಾಳಿಯಲ್ಲಿ ನಿಂತ ಹಾಗೆ. ಅಂಥಲ್ಲಿ ಒಂದೇ ದಿಕ್ಕಿಗೆ ಹೆಜ್ಜೆ ಹಾಕೋದು ಹೇಗೆ?

ಇದನ್ನು ವಿವರಿಸೋಕೆ ನಾನು ಹುಡುಗರನ್ನು ಕುರುಗೋಡಿನ ಜಾತ್ರೆಗೆ ಕರೆದುಕೊಂಡು ಹೋಗ್ತೀನಿ. ಮಾತಿನಲ್ಲೇ ಬಿಡಿ. ದೊಡ್ಡಬಸವೇಶ್ವರನ ತೇರು ನೋಡಿದವರಿಗೆ ಗೊತ್ತು. ಒಂದೇ ಕಲ್ಲಿನ ಆ ದೊಡ್ಡ ಬಸವಣ್ಣನ ದರ್ಶನಕ್ಕೆ ಸುತ್ತಲಿನ ಊರೂರೇ ಬಂದಿರುತ್ತೆ. ಮಿಣಿ ಹಿಡಿದವರು ನೂರಾರು ಜನ. ಎಲ್ಲರೂ ಒಂದೇ ತಾಳಕ್ಕೆ ಎಳೀತಾರೆ ಅಂದುಕೊಂಡರೆ ತಪ್ಪು. ಒಬ್ಬ ಎಳೀತಿರ್ತಾನೆ, ಒಬ್ಬ ಸುಮ್ಮನೆ ಜೋತು ಬಿದ್ದಿರ್ತಾನೆ, ಒಬ್ಬ ಚಪ್ಪಲಿ ಹುಡುಕ್ತಿರ್ತಾನೆ. ತೇರು ಮುಂದಕ್ಕೆ ಒಂದಿಷ್ಟು, ಹಿಂದಕ್ಕೆ ಒಂದಿಷ್ಟು ಅಲ್ಲಾಡ್ತಾ ಇರುತ್ತೆ. ಗಾಲಿಯ ಬಳಿ ಬಗ್ಗಿಕೊಂಡೇ ಓಡಾಡುವ ಕೆಲವರಿರ್ತಾರೆ ನೋಡಿ, ದಪ್ಪ ಮರದ ತುಂಡು ಹಿಡಿದು ಸನ್ನೆ ಕೊಡುವವರು. ನಿಜವಾದ ಕೆಲಸ ಅವರದು. ತೇರು ಮುಂದೆ ಸರಿದ ತಕ್ಷಣ ಹಿಂದೆ ತುಂಡು ಕೊಟ್ಟರೆ ಮುಗೀತು, ಮುಂದೆ ಹೋದದ್ದು ಹಿಂದೆ ಬರಲ್ಲ.

ಅಣುಮೋಟಾರುಗಳೂ ಬಹುಮಟ್ಟಿಗೆ ಹೀಗೇ. ನೂಕುನುಗ್ಗಲನ್ನು ಎದುರಿಸಿ ನಿಲ್ಲಲ್ಲ. ಸರಿಯಾದ ದಿಕ್ಕಿಗೆ ಬಿದ್ದ ಗುದ್ದನ್ನು ಉಳಿಸಿಕೊಂಡು, ತಪ್ಪು ದಿಕ್ಕಿನದಕ್ಕೆ ತುಂಡು ಕೊಡ್ತವೆ. ಆದರೆ ಇಲ್ಲೊಂದು ಪೇಚಿದೆ. ಫೈನ್‌ಮನ್ 1960ರ ದಶಕದ ತಮ್ಮ ಪ್ರಸಿದ್ಧ ಉಪನ್ಯಾಸಗಳಲ್ಲಿ ಅದನ್ನು ಚೆನ್ನಾಗಿ ಬಿಡಿಸಿದ್ದಾರೆ. ಅಷ್ಟು ಸಣ್ಣ ಲೋಕದಲ್ಲಿ ಸನ್ನೆ ಕೊಡುವವನೂ ಅದೇ ನೂಕುನುಗ್ಗಲಿಗೆ ಸಿಕ್ಕು ಅಲ್ಲಾಡ್ತಿರ್ತಾನೆ. ಅವನ ತುಂಡೂ ಜಾರುತ್ತೆ. ಹಾಗಾಗಿ ಪುಕ್ಕಟೆ ಓಟ ಸಾಧ್ಯವಿಲ್ಲ, ಎಲ್ಲೋ ಒಂದು ಕಡೆ ಕೂಲಿ ಕೊಡಲೇಬೇಕು. ಎಟಿಪಿ ಖರ್ಚಾಗೋದು ಅಲ್ಲಿ.

ಮನುಷ್ಯರು ಕೈಯಾರೆ ಮಾಡಿದ ಅಣುಮೋಟಾರಿನದೂ ಇದೇ ಉಪಾಯ. 1999ರಲ್ಲಿ ನೆದರ್ಲೆಂಡ್ಸ್‌ನ ಬೆನ್ ಫೆರಿಂಗಾ ಬೆಳಕಿನಿಂದ ತಿರುಗುವ ಅಣುವೊಂದನ್ನು ಕಟ್ಟಿದರು. ಬೆಳಕು ಬಿದ್ದಾಗ ಅದರ ಅರ್ಧಭಾಗ ತಿರುಗುತ್ತೆ, ಆಮೇಲೆ ಬರೀ ಶಾಖಕ್ಕೆ ಇನ್ನೊಂದು ಮಗ್ಗುಲಿಗೆ ಹೊರಳಿ ವಾಪಸ್ ಬರೋ ದಾರಿ ಮುಚ್ಚಿಕೊಳ್ಳುತ್ತೆ. ಸನ್ನೆ ಕೊಟ್ಟ ಹಾಗೆ. 2011ರಲ್ಲಿ ಅಂಥ ನಾಲ್ಕು ಮೋಟಾರು ಜೋಡಿಸಿ ಒಂದೇ ಅಣುವಿನ ಕಾರು ಮಾಡಿದರು, 2016ರಲ್ಲಿ ಸೊವಾಜ್, ಸ್ಟಾಡರ್ಟ್ ಜೊತೆ ರಸಾಯನಶಾಸ್ತ್ರದ ನೊಬೆಲ್ ಬಂತು. ನಮ್ಮ ಬೆಂಗಳೂರಿನ ಐಐಎಸ್ಸಿಯಲ್ಲಿ ಅಂಬರೀಶ್ ಘೋಷ್ ಅವರ ತಂಡ ಬೇರೆ ದಾರಿ ಹಿಡಿದಿದೆ. ಅವರದು ಅಣುವಿಗಿಂತ ತುಂಬಾ ದೊಡ್ಡದು, ಗಾಜಿನಂಥ ಸಿಲಿಕಾದ ಪುಟಾಣಿ ತಿರುಪು. ಹೊರಗಿನಿಂದ ಅಯಸ್ಕಾಂತ ಕ್ಷೇತ್ರ ತಿರುಗಿಸಿದರೆ ಅದು ದ್ರವದಲ್ಲಿ ಕೊರೆಯುತ್ತಾ ಈಜುತ್ತೆ. ಹಲ್ಲಿನೊಳಗಿನ ಸೂಕ್ಷ್ಮ ನಾಳಗಳಲ್ಲಿ ಅವನ್ನು ಓಡಿಸಿದ್ದನ್ನು 2022ರಲ್ಲಿ ವರದಿ ಮಾಡಿದರು. ಅಂದ ಹಾಗೆ ಇವೆಲ್ಲ ಅದ್ಭುತ ಅಂತ ನಾನು ಒಪ್ತೀನಿ, ಆದರೆ ಇದೆಲ್ಲಕ್ಕಿಂತ ಹಳೆಯ, ಹೆಚ್ಚು ದುಡಿಯೋ ಮೋಟಾರೊಂದರ ಬಗ್ಗೆ ಹೇಳಬೇಕು ಅಂತಲೇ ಇವತ್ತು ಬರೆಯೋಕೆ ಕೂತದ್ದು. ಕುರುಗೋಡಿನಲ್ಲೇ ಅದು ನನ್ನೆದುರು ಬಂದು ನಿಂತಿತು.

2018ರ ಜಾತ್ರೆ. ಅಣ್ಣ ಪ್ರತಿ ವರ್ಷದ ಹಾಗೆ ಮಿಣಿ ಹಿಡಿದಿದ್ದ. ಆಗ ಅವನಿಗೆ ಮೂವತ್ತೈದು. ನಾನು, ಅತ್ತಿಗೆ, ಅಣ್ಣನ ಮಗಳು ಒಂದು ಮಾಳಿಗೆ ಮೇಲೆ ನಿಂತು ಉತ್ತತ್ತಿ ಬಾಳೆಹಣ್ಣು ಎಸೆಯೋಕೆ ಕಾಯ್ತಿದ್ವಿ. ತೇರು ಇಪ್ಪತ್ತು ಮಾರು ಸರಿದಿರಬಹುದು. ಜನರ ನಡುವೆ ಒಂದು ಕಡೆ ಗುಂಡಿ ಬಿದ್ದ ಹಾಗೆ ಜಾಗ ಆಯ್ತು. ಅಲ್ಲಿ ಬಿದ್ದಿದ್ದವನು ಅಣ್ಣ.

ಪುಣ್ಯಕ್ಕೆ ಗಾಲಿಯಿಂದ ದೂರ ಇದ್ದ. ಎಳೆದು ನೆರಳಿಗೆ ಹಾಕಿ, ನೀರು ಚಿಮುಕಿಸಿದ ಮೇಲೆ ಎರಡೇ ನಿಮಿಷಕ್ಕೆ ಎದ್ದು ಕೂತ. "ಬಿಸಿಲು ಬಡದೈತೆ, ಹೊಟ್ಟೆಗೂ ಏನೂ ತಿಂದಿಲ್ಲ" ಅಂದರು ಎಲ್ಲರೂ. ಬಳ್ಳಾರಿ ಬಿಸಿಲು, ಉಪವಾಸ, ಯಾರಿಗೆ ಬೇರೆ ಅನುಮಾನ ಬರುತ್ತೆ? ತೋರಿಸಿದ ಡಾಕ್ಟರೂ ಒಂದು ಬಾಟಲಿ ಗ್ಲೂಕೋಸ್ ಏರಿಸಿ, ಎದೆಗೆ ಸ್ಟೆತಸ್ಕೋಪ್ ಕೂಡ ಸರಿಯಾಗಿ ಇಡದೆ ಕಳಿಸಿಬಿಟ್ಟರು. ಅವರನ್ನು ಬೈಯೋಕೆ ನನಗೆ ಹಕ್ಕಿಲ್ಲ. ಸ್ನಾಯುವಿನ ಪ್ರೋಟೀನ್ ಪಾಠ ಮಾಡೋ ನನಗೇ ಹೊಳೆಯಲಿಲ್ಲ.

ಹೊಳೆಯಬೇಕಿತ್ತು. ಯಾಕಂದ್ರೆ ನಮ್ಮ ಮನೆಯಲ್ಲಿ ಚಿಗಪ್ಪ ಹೋಗಿದ್ದು ಹಾಗೆಯೇ. 1996ರಲ್ಲಿ, ಮೂವತ್ತಾರನೇ ವಯಸ್ಸಿಗೆ. ರಾತ್ರಿ ಗದ್ದೆಗೆ ನೀರು ತಿರುವೋಕೆ ಹೋದವರು ಬೆಳಿಗ್ಗೆ ಬದುವಿನ ಮೇಲೆ ಸಿಕ್ಕರು. ಹಾವೂ ಅಲ್ಲ, ಕರೆಂಟೂ ಅಲ್ಲ. ಗಾಳಿ ಸೋಕಿದೆ ಅಂತ ಊರು ತೀರ್ಮಾನ ಮಾಡ್ತು. ಆಗ ನಾನು ಸಣ್ಣವಳು. ಒಂದು ವಿಷಯ ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರ ಮುಷ್ಟಿಯಲ್ಲಿ ಸಲಿಕೆಯ ಕಾವು ಹಾಗೇ ಇತ್ತು. ಅದನ್ನು ಬಿಡಿಸೋಕೆ ಇಬ್ಬರು ದೊಡ್ಡವರು ಬೇಕಾಯ್ತು.

ಎರಡನೇ ಸಲ ಅಣ್ಣ ಬಿದ್ದದ್ದು ಮರುವರ್ಷ, ಗಿರಣಿಯಲ್ಲಿ ಲಾರಿಗೆ ಚೀಲ ಹತ್ತಿಸುವಾಗ. ಈ ಸಲ ಸುಮ್ಮನಾಗಲಿಲ್ಲ. ಬಳ್ಳಾರಿಗೆ ಕರೆಸಿಕೊಂಡು ಇಸಿಜಿ, ಎಕೋ ಮಾಡಿಸಿದೆ. ಹೃದಯದ ಎರಡು ಕೆಳಗಿನ ಕೋಣೆಗಳ ನಡುವಿನ ಗೋಡೆ 12 ಮಿಲಿಮೀಟರ್ ಒಳಗಿರಬೇಕು, ಅಣ್ಣನದು 21. ಜೋರಾಗಿ ಬಡಿದಾಗ ಆ ದಪ್ಪ ಗೋಡೆಯೇ ರಕ್ತ ಹೊರಹೋಗೋ ದಾರಿಗೆ ಅಡ್ಡ ಬರುತ್ತೆ. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಅಂದರು. ಐನೂರು ಜನರಲ್ಲಿ ಒಬ್ಬರಿಗಾದರೂ ಇರಬಹುದಾದ ಕಾಯಿಲೆಯಂತೆ, ಎಷ್ಟೋ ಜನರಿಗೆ ಇದೆ ಅಂತಲೇ ಗೊತ್ತಾಗಲ್ಲ. "ಮನೇಲಿ ಚಿಕ್ಕ ವಯಸ್ಸಿಗೆ ಯಾರಾದ್ರೂ ಹಠಾತ್ತನೆ ತೀರಿಕೊಂಡಿದ್ದಾರಾ?" ಅಂತ ಡಾಕ್ಟರು ಕೇಳಿದಾಗ ನಾನೂ ಅಣ್ಣನೂ ಮುಖ ಮುಖ ನೋಡಿಕೊಂಡ್ವಿ.

ಆ ರಿಪೋರ್ಟು ಹಿಡಿದು ಹೊರಗೆ ಕೂತಾಗ ನನಗೆ ನೆನಪಾದದ್ದು, ನಂಬಿ, ಪಾಚಿ.

ಬಿಎಸ್ಸಿ ಓದುವಾಗ ಬಾಟನಿ ಪ್ರಾಕ್ಟಿಕಲ್‌ಗೆ ಕಾರಾ ಅನ್ನೋ ಪಾಚಿ ತರೋಕೆ ಹೇಳ್ತಿದ್ದರು. ಬಳ್ಳಾರಿ ಪೇಟೆಯ ಹುಡುಗಿಯರು ಅದನ್ನೆಲ್ಲಿ ತರಬೇಕು? ಸಿರುಗುಪ್ಪದವಳು ನಾನೊಬ್ಬಳೇ. ಹಾಗಾಗಿ ಪ್ರತಿ ಸಲ ನಮ್ಮ ಗದ್ದೆಯ ನಿಂತ ನೀರಿನಿಂದ ಹಾರ್ಲಿಕ್ಸ್ ಬಾಟಲಿಗೆ ತುಂಬಿ ಬಸ್ಸಲ್ಲಿ ತರ್ತಿದ್ದೆ. ಬೆಳ್ಳುಳ್ಳಿ ಕೊಳೆತ ಹಾಗೆ ನಾತ. ಪಕ್ಕದಲ್ಲಿ ಕೂತವರು ಎದ್ದು ಹೋಗಿ ಸೀಟು ಖಾಲಿ ಆಗೋದು, ಅದೊಂದು ಲಾಭ. ಈ ಪಾಚಿಯ ಕಾಂಡದಂಥ ಭಾಗದಲ್ಲಿ ಒಂದೊಂದು ಜೀವಕೋಶ ಬರಿಗಣ್ಣಿಗೆ ಕಾಣುವಷ್ಟು ಉದ್ದ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದರೊಳಗಿನ ರಸ ಹರೀತಾ ಇರೋದು ಕಾಣುತ್ತೆ. ಒಂದು ಬದಿಯಲ್ಲಿ ಮೇಲಕ್ಕೆ, ಇನ್ನೊಂದು ಬದಿಯಲ್ಲಿ ಕೆಳಕ್ಕೆ, ಕಾಲುವೆ ನೀರಿನ ಹಾಗೆ ನಿಲ್ಲದೆ. ಸೆಕೆಂಡಿಗೆ 50 ಮೈಕ್ರೋಮೀಟರಿಗೂ ಮೀರಿದ ವೇಗ, ನಮ್ಮ ಹಮಾಲ ಕೈನೆಸಿನ್ನಿಗಿಂತ ಅರವತ್ತು ಪಟ್ಟು. ಇಟಲಿಯ ಕೋರ್ತಿ ಎಂಬುವರು 1774ರಲ್ಲೇ ಇದನ್ನು ನೋಡಿದ್ದರು. ಹರಿಸೋದು ಯಾರು ಅಂತ ತಿಳಿಯೋಕೆ ಇನ್ನೂರು ವರ್ಷ ಬೇಕಾಯ್ತು. ಅದು ಮಯೋಸಿನ್, ನಮ್ಮ ಸ್ನಾಯುಗಳಲ್ಲಿ ಇರೋ ಅದೇ ವಂಶದ ಮೋಟಾರು.

1983ರಲ್ಲಿ ಅಮೆರಿಕದ ಜೇಮ್ಸ್ ಸ್ಪುಡಿಚ್ ಮತ್ತು ಮೇಲೆ ಹೇಳಿದ ಶೀಟ್ಜ್ ಒಂದು ಪ್ರಯೋಗ ಮಾಡಿದರು. ಕಾರಾದ ದಾಯಾದಿ ನೈಟೆಲ್ಲಾ ಅನ್ನೋ ಪಾಚಿಯ ಜೀವಕೋಶವನ್ನು ಸೀಳಿ ಚಪ್ಪಟೆಯಾಗಿ ಹರಡಿದರು. ಒಳಗಿನ ಆಕ್ಟಿನ್ ಎಳೆಗಳು, ಅಂದ್ರೆ ಮಯೋಸಿನ್ನಿನ ಮಿಣಿಗಳು, ತೆರೆದುಕೊಂಡವು. ಮೊಲದ ಸ್ನಾಯುವಿನಿಂದ ತೆಗೆದ ಮಯೋಸಿನ್ನನ್ನು ಪುಟ್ಟ ಮಣಿಗಳಿಗೆ ಸವರಿ, ಎಟಿಪಿ ಜೊತೆ ಅದರ ಮೇಲೆ ಬಿಟ್ಟರು. ಮಣಿಗಳು ಸಾಲಾಗಿ ಒಂದೇ ದಿಕ್ಕಿಗೆ ಹೊರಟವು! ಪಾಚಿಯ ಹಗ್ಗ, ಮೊಲದ ಕೈ. ಶುದ್ಧಗೊಳಿಸಿದ ಮಯೋಸಿನ್ ತಾನಾಗಿ ನಡೆಯೋದನ್ನು ಜನ ಕಣ್ಣಾರೆ ನೋಡಿದ್ದು ಹಾಗೆ. 2012ರಲ್ಲಿ ಸ್ಪುಡಿಚ್, ಶೀಟ್ಜ್, ವೇಲ್ ಮೂವರಿಗೂ ಲಾಸ್ಕರ್ ಪ್ರಶಸ್ತಿ ಬಂತು. ಅವರು ಗಾಜಿನ ಮೇಲೆ ಹರಡಿದ ಪಾಚಿಯ ಬಂಧುವನ್ನೇ ನಮ್ಮವ್ವ ಪ್ರತಿ ವರ್ಷ ಕಳೆ ಅಂತ ಕಿತ್ತು ಬದುವಿನ ಮೇಲೆ ಎಸೀತಾಳೆ.

ಸ್ನಾಯುವಿನಲ್ಲಿ ಈ ಮಯೋಸಿನ್ ಒಂಟಿಯಾಗಿ ದುಡಿಯಲ್ಲ. ಒಂದೊಂದು ದಪ್ಪ ಎಳೆಯಲ್ಲಿ ಸುಮಾರು 300 ಮಯೋಸಿನ್, ಪ್ರತಿಯೊಂದಕ್ಕೂ ಎರಡೆರಡು ತಲೆ. ತಲೆ ಅಂತಾರೆ, ಮಾಡೋದು ಕೈ ಕೆಲಸ, ನಾನು ಕೈ ಅಂತಲೇ ಬರೀತೀನಿ. ಕೈ ಮಿಣಿಯನ್ನು ಹಿಡಿಯುತ್ತೆ, ಕೆಲವೇ ನ್ಯಾನೋಮೀಟರ್ ಎಳೆಯುತ್ತೆ, ಬಿಡುತ್ತೆ. ಇಲ್ಲಿ ನನ್ನ ಹುಡುಗರು ಪ್ರತಿ ಸಲ ತಪ್ಪು ಮಾಡ್ತಾರೆ. ಎಟಿಪಿ ಬೇಕಿರೋದು ಹಿಡಿಯೋಕೆ ಅಂತ ಬರೀತಾರೆ. ಅಲ್ಲ, ಎಟಿಪಿ ಬಂದು ಕೂತಾಗಲೇ ಕೈ ಮಿಣಿಯನ್ನು ಬಿಡೋದು. ಸತ್ತ ಮೇಲೆ ಎಟಿಪಿ ಮುಗಿದುಹೋಗುತ್ತೆ, ಹಿಡಿದ ಕೈ ಹಿಡಿದ ಹಾಗೇ ಉಳಿಯುತ್ತೆ. ಹೆಣ ಸೆಟೆಯೋದು ಅದಕ್ಕೆ. ಈ ಪಾಠ ಮಾಡುವಾಗ ಚಿಗಪ್ಪನ ಮುಷ್ಟಿ ನೆನಪಾಗದೆ ಒಂದು ವರ್ಷವೂ ಹೋಗಿಲ್ಲ, ಆದರೆ ಹುಡುಗರಿಗೆ ಅದನ್ನು ಹೇಳಲ್ಲ.

ಇನ್ನೊಂದು ವಿಷಯ. ಯಾವ ಕ್ಷಣದಲ್ಲೂ ಎಲ್ಲ ಕೈಗಳೂ ಮಿಣಿ ಹಿಡಿದಿರಲ್ಲ. ಸ್ವಲ್ಪವೇ ಹಿಡಿದಿರುತ್ತವೆ. ಎಷ್ಟೋ ಕೈಗಳು ಎಳೆಗೆ ಒರಗಿ, ಮಡಿಚಿಕೊಂಡು ಮಲಗಿರುತ್ತವೆ, ಆಗ ಅವು ತಿನ್ನೋ ಎಟಿಪಿಯೂ ತೀರಾ ಕಡಿಮೆ. ಹೃದಯದಲ್ಲಿ ಅವನ್ನು ಹಾಗೆ ಕೂರಿಸಿಡೋಕೆ ಒಬ್ಬ ಮೇಸ್ತ್ರಿ ಬೇರೆ ಇದ್ದಾನೆ, ಮಯೋಸಿನ್ ಬೈಂಡಿಂಗ್ ಪ್ರೋಟೀನ್ ಸಿ ಅಂತ. ಅಣ್ಣನಿಗಿರೋ ಕಾಯಿಲೆಯಲ್ಲಿ ಎಷ್ಟೋ ಸಲ ಕೆಡೋದು ಈ ವ್ಯವಸ್ಥೆ ಅನ್ನೋದು ಸ್ಪುಡಿಚ್ ಮುಂದಿಟ್ಟ ವಾದ. ಮೋಟಾರು ದುರ್ಬಲ ಆಗಲ್ಲ. ಮಲಗಿರಬೇಕಾದ ಕೈಗಳೂ ಎದ್ದು ಬಂದು ಮಿಣಿ ಹಿಡೀತವೆ. ಹೃದಯ ಬೇಕಾದ್ದಕ್ಕಿಂತ ಜೋರಾಗಿ ಹಿಂಡುತ್ತೆ, ಸರಿಯಾಗಿ ಸಡಿಲ ಆಗಲ್ಲ. ರಕ್ತ ತುಂಬಿಕೊಳ್ಳೋದು ಸಡಿಲ ಆದಾಗ ಅನ್ನೋದು ನೆನಪಿಡಿ. ವರ್ಷಾನುಗಟ್ಟಲೆ ಹೀಗೆ ನಡೆದು ಗೋಡೆ ದಪ್ಪವಾಗುತ್ತೆ.

ಸ್ಪುಡಿಚ್ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಹೃದಯ ಸಂಶೋಧನೆಗೂ ಕೈ ಜೋಡಿಸಿದವರು. ನಮ್ಮವರಲ್ಲಿ ಈ ಕಾಯಿಲೆಗೆ ಬೇರೆಯದೇ ಒಂದು ಅಧ್ಯಾಯ ಇದೆ. 2009ರಲ್ಲಿ ಪೆರುಂದುರೈ ಧಂಡಪಾಣಿ, ಹೈದರಾಬಾದಿನ ತಂಗರಾಜ್ ಮತ್ತಿತರರು ಒಂದು ಲೇಖನ ಬರೆದರು. ಆ ಮೇಸ್ತ್ರಿ ಪ್ರೋಟೀನಿನ ಜೀನಿನಲ್ಲಿ 25 ಅಕ್ಷರ ಬಿಟ್ಟುಹೋದ ಒಂದು ಪ್ರತಿ ಭಾರತ ಉಪಖಂಡದ ಸುಮಾರು ನೂರಕ್ಕೆ ನಾಲ್ಕು ಜನರಲ್ಲಿದೆ ಅಂತ. ಆಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಆಮೇಲಿನ ಅಧ್ಯಯನಗಳು ಸ್ವಲ್ಪ ಸಮಾಧಾನ ಕೊಟ್ಟಿವೆ. ಆ ಬಿಟ್ಟುಹೋದ ತುಂಡೊಂದೇ ಅಪರಾಧಿಯಲ್ಲ, ಅದರ ಜೊತೆ ಕೆಲವರಲ್ಲಿ ಮಾತ್ರ ಬರೋ ಇನ್ನೊಂದು ಬದಲಾವಣೆಯ ಪಾಲು ಹೆಚ್ಚು ಅಂತ 2020ರಲ್ಲಿ ಪ್ರಕಟವಾಯ್ತು. ಹಾಗಾಗಿ ನೂರಕ್ಕೆ ನಾಲ್ಕು ಅನ್ನೋದು ಓದಿ ಯಾರೂ ಎದೆ ಹಿಡ್ಕೊಬೇಡಿ.

ನಮ್ಮ ಮನೆಯವರ ರಕ್ತ ಬೆಂಗಳೂರಿಗೆ ಹೋಯ್ತು. ಅಣ್ಣನಲ್ಲಿ ಸಿಕ್ಕ ತಪ್ಪು ಅದೇ ಜೀನಿನಲ್ಲಿ, ಆದರೆ ಈ 25 ಅಕ್ಷರದ್ದಲ್ಲ, ಬೇರೆ. ಅವ್ವನಲ್ಲಿ ಇಲ್ಲ. ಅಪ್ಪನಲ್ಲಿ ಇದೆ. ಎಪ್ಪತ್ತು ದಾಟಿದ, ಜೀವಮಾನವಿಡೀ ಮೂಟೆ ಹೊತ್ತ, ಒಂದು ದಿನವೂ ತಲೆ ತಿರುಗಿ ಬೀಳದ ಅಪ್ಪನಲ್ಲಿ! ಒಂದೇ ತಪ್ಪು ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಯಾಕೆ ಹಿಡಿಯುತ್ತೆ ಅನ್ನೋದಕ್ಕೆ ಇನ್ನೂ ಪೂರ್ತಿ ಉತ್ತರ ಇಲ್ಲ.

ಅಪ್ಪನಿಗೆ ಇದನ್ನು ಹೇಳೋ ಕೆಲಸ ನನ್ನ ಪಾಲಿಗೆ ಬಂತು. ಜೀನು, ಪ್ರೋಟೀನು ಎಲ್ಲ ಬಿಟ್ಟು, ಗಿರಣಿ ಲೆಕ್ಕದಲ್ಲೇ ಹೇಳಿದೆ. ನೂರು ಹಮಾಲರಲ್ಲಿ ಅರ್ಧ ಜನ ಕೂತಿರಬೇಕು, ಮೇಸ್ತ್ರಿ ಸರಿ ಇಲ್ಲದೆ ಎಲ್ಲರೂ ಒಟ್ಟಿಗೆ ಬಂದು ಎಳೀತಾರೆ ಅಂತ. ತುಂಬಾ ಹೊತ್ತು ಸುಮ್ಮನಿದ್ದರು.

"ಹಂಗಾದ್ರೆ ನನ್ನ ಕಡೆಯಿಂದ ಬಂದೈತೆ. ತಮ್ಮನಿಗೂ ಇದೇನಾ?"

"ಇರಬಹುದು ಅಪ್ಪಾ. ಈಗ ಹೇಳೋಕಾಗಲ್ಲ."

"ನಿನಗೆ?"

ಆ ರಿಪೋರ್ಟು ನನ್ನ ಬ್ಯಾಗಿನಲ್ಲೇ ಇತ್ತು. ನನ್ನಲ್ಲೂ ಇದೆ. ನನ್ನ ಎಕೋ ಇಲ್ಲಿಯವರೆಗೆ ಚೆನ್ನಾಗಿದೆ, ಆಗಾಗ ಮಾಡಿಸಬೇಕು ಅಷ್ಟೇ. ಹಾಗಂತ ಹೇಳಿದೆ. ಅಪ್ಪ ಎಲೆ ಅಡಿಕೆ ಚೀಲ ಕೈಗೆತ್ತಿಕೊಂಡು, ಹಾಕಿಕೊಳ್ಳದೆ ಮತ್ತೆ ಕೆಳಗಿಟ್ಟರು. ಅಷ್ಟು ವರ್ಷದ ಹಿಂದೆ ಕೇಳಿದ್ದರಲ್ಲ, ಅಷ್ಟು ಸಣ್ಣದು ತಿಳಕಂಡು ಏನ್ ಮಾಡ್ತೀಯ ಅಂತ. ಇಬ್ಬರಿಗೂ ಅದು ನೆನಪಾಗಿತ್ತು ಅನ್ಸುತ್ತೆ, ಇಬ್ಬರೂ ಎತ್ತಲಿಲ್ಲ.

2022ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಮಾವಾಕ್ಯಾಮ್ಟೆನ್ ಅನ್ನೋ ಮಾತ್ರೆಗೆ ಒಪ್ಪಿಗೆ ಸಿಕ್ತು. ಸ್ಪುಡಿಚ್ ಮತ್ತು ಜೊತೆಗಾರರು ಕಟ್ಟಿದ ಕಂಪನಿಯಲ್ಲಿ ಹುಟ್ಟಿದ್ದು. ಅದು ಮಯೋಸಿನ್ನಿಗೇ ಹೋಗಿ ಅಂಟಿಕೊಂಡು ಎದ್ದ ಕೈಗಳನ್ನು ವಾಪಸ್ ಮಲಗಿಸುತ್ತೆ. ಕಾಯಿಲೆಯ ಲಕ್ಷಣಕ್ಕಲ್ಲ, ನೇರವಾಗಿ ಮೋಟಾರಿಗೇ ಕೊಡೋ ಔಷಧಿ! ಹೊಸ ಅಣುಕಾರು ಕಟ್ಟೋದಕ್ಕಿಂತ ಇದೇ ದೊಡ್ಡ ಇಂಜಿನಿಯರಿಂಗ್ ಅಂತ ನನಗನ್ನಿಸುತ್ತೆ. ಓಡ್ತಿರೋ ಮೋಟಾರನ್ನು ನಿಲ್ಲಿಸದೆ ಒಂದು ನಟ್ಟು ಸಡಿಲ ಮಾಡೋದು. ಜಾಸ್ತಿ ಸಡಿಲ ಮಾಡಿದರೆ ಹೃದಯ ಸೋತುಹೋಗುತ್ತೆ, ಅದಕ್ಕೇ ಮಾತ್ರೆ ತಗೊಳ್ಳೋರಿಗೆ ಎಕೋ ಮಾಡಿಸ್ತಾನೇ ಇರಬೇಕು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗದ್ದೆಯ ಪಾಚಿಯಿಂದ ಅಲ್ಲಿಗೆ ಬಂದು ನಿಂತಿದೆಯಲ್ಲ ಅಂತ.

ಬೆಳಿಗ್ಗೆ ಬೆಲೆ ನೋಡಿದೆ. ಅಮೆರಿಕದಲ್ಲಿ ಬಂದಾಗ ವರ್ಷಕ್ಕೆ 89,500 ಡಾಲರ್. ಆಗಿನ ಲೆಕ್ಕಕ್ಕೆ ಎಪ್ಪತ್ತು ಲಕ್ಷದ ಹತ್ತಿರ. ಅಣ್ಣನಿಗೆ ಹೇಳಿದರೆ ಜೋರಾಗಿ ನಕ್ಕ. "ನಾಲ್ಕು ಎಕರೆ ಮಾರಿ ಒಂದ್ ವರ್ಷ ಬದುಕಿ, ಆಮೇಲೆ ಏನ್ ಮಾಡ್ಲಿ?" ಅಂದ. ಅವನು ತಗೊಳ್ಳೋದು ಹಳೇ ಕಾಲದ ಬೀಟಾ ಬ್ಲಾಕರ್, ಇಲ್ಲೇ ಅಂಗಡಿಯಲ್ಲಿ ಸಿಗೋದು. ಹೃದಯದ ಓಟ ತಗ್ಗಿಸಿ ತುಂಬಿಕೊಳ್ಳೋಕೆ ಸಮಯ ಕೊಡುತ್ತೆ. ಅದರಲ್ಲೇ ತಕ್ಕಮಟ್ಟಿಗೆ ಆರಾಮಾಗಿದ್ದಾನೆ. ಚೀಲ ಎತ್ತೋ ಹಾಗಿಲ್ಲ, ಮಿಣಿ ಹಿಡಿಯೋ ಹಾಗಿಲ್ಲ. ಮೊದಮೊದಲು ಜಾತ್ರೆಗೇ ಬರಲ್ಲ ಅಂತ ಮುನಿಸಿಕೊಂಡಿದ್ದ. ಈಗ ಬರ್ತಾನೆ. ಮಾಳಿಗೆ ಮೇಲೆ ನಮ್ಮ ಜೊತೆ ನಿಂತು, ಎಳೆಯೋರಿಗೆ ಕೂಗಿ ಕೂಗಿ ಸೂಚನೆ ಕೊಡ್ತಾನೆ, ಒಬ್ಬರಿಗೂ ಕೇಳಿಸಲ್ಲ.

ಅಣ್ಣನ ಮಗಳಿಗೆ ರಕ್ತ ಪರೀಕ್ಷೆ ಮಾಡಿಸಬೇಕೋ ಬೇಡವೋ ಅನ್ನೋದು ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಐವತ್ತಕ್ಕೆ ಐವತ್ತು ಸಾಧ್ಯತೆ. ಅತ್ತಿಗೆ ಬೇಡ ಅಂತಾಳೆ. ಹೆಣ್ಣು ಹುಡುಗಿ, ನಾಳೆ ಮದುವೆ ಮಾತಿಗೆ ಬಂದವರಿಗೆ ಏನು ಹೇಳೋದು ಅಂತ. ನನಗೆ ಮೊದಲು ಸಿಟ್ಟು ಬಂದಿತ್ತು. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಸದ್ಯಕ್ಕೆ ಎಕೋ ಮಾಡಿಸ್ತಾ ಇದ್ದೀವಿ, ಅದಕ್ಕೆ ಅತ್ತಿಗೆ ಒಪ್ಪಿದ್ದಾಳೆ.

ಹೋದ ತಿಂಗಳು ಅಪ್ಪ ಮಗಳು ಇಬ್ಬರೂ ಎಕೋಗೆ ಬಳ್ಳಾರಿಗೆ ಬಂದಿದ್ದರು. ಇಬ್ಬರದೂ ಮುಗೀತು, ಅವಳದು ಚೆನ್ನಾಗಿದೆ. ನಾನು ಹೇಳಿದ್ದಕ್ಕೆ ಹುಡುಗಿ ಗದ್ದೆಯಿಂದ ಒಂದು ಬಾಟಲಿ ಕಾರಾ ತಂದಿದ್ದಳು. ಬಸ್ಸಿನಲ್ಲಿ ಕಂಡಕ್ಟರು ಬೈದನಂತೆ. ಶನಿವಾರ ಮಧ್ಯಾಹ್ನ, ಲ್ಯಾಬು ಖಾಲಿ. ಒಂದು ತುಂಡು ಸ್ಲೈಡಿನ ಮೇಲಿಟ್ಟು ತೋರಿಸಿದೆ. ಅವಳಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಕಣ್ಣು ತೆಗೆಯದೆ ಐದು ನಿಮಿಷ ನೋಡಿದಳು. ಅಣ್ಣ ಹಿಂದೆ ಸ್ಟೂಲಿನ ಮೇಲೆ ಕೂತು ಫೋನು ನೋಡ್ತಿದ್ದ.

"ಅತ್ತೇ, ಇದು ಯಾವಾಗ ನಿಲ್ತೈತೆ?"

"ಬಲ್ಬಿನ ಶಾಖಕ್ಕೆ ನೀರು ಆರಿದ್ರೆ ನಿಂತುಬಿಡುತ್ತೆ. ಲೈಟ್ ಕಮ್ಮಿ ಮಾಡು, ಒಂದು ಹನಿ ನೀರು ಹಾಕು."

ಅವಳು ಲೈಟ್ ಕಮ್ಮಿ ಮಾಡಿ, ಡ್ರಾಪರ್ ಹುಡುಕಿಕೊಂಡು ಬಂದು ಒಂದು ಹನಿ ಹಾಕಿದಳು. ಆಮೇಲೆ ಅಪ್ಪನ್ನ ಕರೆದಳು, "ಬಾ ನೋಡು, ಇನ್ನೂ ಹರೀತೈತೆ" ಅಂತ.